‘ರೈಟ್’ ಅನ್ನೋದಕ್ಕೆ ಲ್ಯಾಟಿನ್‌ನಲ್ಲಿ ಯಾವ ಪದ? ಕಲಬುರಗಿ ಮಾತಿನಿಂದ ಹೊರಟರೆ ಆಯ್ಕೆ ಸುಲಭ

ಇಂಗ್ಲಿಷಿನ ‘ರೈಟ್’ಗೆ ಲ್ಯಾಟಿನ್‌ನಲ್ಲಿ ಒಂದೇ ಪದ ಇಲ್ಲ. ಕಡಿಮೆ ಅಂದರೂ ಏಳೆಂಟು ಪದಗಳಿವೆ, ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಅರ್ಥವೇ ಬೇರೆಯಾಗುತ್ತದೆ. ನಮ್ಮ ಕಡೆ ಈ ಗೊಂದಲ ಎದುರಾಗುವುದು ಮುಖ್ಯವಾಗಿ ಮೂರು ಬಗೆಯವರಿಗೆ. ಕಲಬುರಗಿ ಹೈಕೋರ್ಟ್ ಪೀಠದಲ್ಲಿ ಓಡಾಡುವ ಕಿರಿಯ ವಕೀಲರು ಮತ್ತು ಲಾ ವಿದ್ಯಾರ್ಥಿಗಳು ಮೊದಲನೆಯವರು. ಕಲಬುರಗಿ, ಬೀದರ್, ಯಾದಗಿರಿಯ ಮೆಡಿಕಲ್ ಕಾಲೇಜುಗಳಲ್ಲಿ ಅನಾಟಮಿ ಕಲಿಯುವವರು ಎರಡನೆಯವರು. ಶಾಲೆಗೋ ಸಂಘಕ್ಕೋ ಲಾಂಛನ ಮಾಡಿಸಿ, ಅದರ ಕೆಳಗೊಂದು ಲ್ಯಾಟಿನ್ ಧ್ಯೇಯವಾಕ್ಯ ಬರೆಸಬೇಕೆನ್ನುವವರು ಮೂರನೆಯವರು. ಮೊದಲಿನವರಿಗೆ ಬೇಕಾದ ‘ರೈಟ್’ ಎರಡನೆಯವರಿಗೆ ಬೇಡ, ಮೂರನೆಯವರಿಗೆ ಯಾವುದು ಬೇಕೆಂದು ಅವರೇ ಮೊದಲು ತೀರ್ಮಾನಿಸಬೇಕು.

ಇಂಗ್ಲಿಷಿನಿಂದ ನೇರ ಲ್ಯಾಟಿನ್‌ಗೆ ಹಾರಬೇಡಿ. ಆ ವಾಕ್ಯವನ್ನು ಮೊದಲು ಮನೆಯ ಮಾತಿನಲ್ಲಿ ಹೇಳಿನೋಡಿ. ಇಂಗ್ಲಿಷ್ ಒಂದೇ ಪದದಲ್ಲಿ ಕಟ್ಟಿಟ್ಟಿರುವುದನ್ನು ನಮ್ಮ ಮಾತು ಬಿಡಿಸಿ ಇಟ್ಟಿದೆ: ‘ಬಲಕ್ಕ ಹೊಳ್ರಿ’, ‘ಸೀದಾ ಹೋಗ್ರಿ’, ‘ಖರೇ ಅದ’, ‘ಲೆಕ್ಕಾ ಬರೋಬ್ಬರಿ ಅದ’, ‘ನಮ್ಮ ಹಕ್ಕ ಅದ’, ‘ಇದು ನ್ಯಾಯ ಅಲ್ಲ’, ‘ಈ ಕೆಲಸಕ್ಕ ತಕ್ಕ ಮನಷ್ಯಾ’. ಲ್ಯಾಟಿನ್ ಕೂಡ ಹೆಚ್ಚುಕಡಿಮೆ ಇದೇ ಗೆರೆಗಳ ಮೇಲೆ ಬಿಡಿಸಿಕೊಂಡಿದೆ. ಹಾಗಾಗಿ ಬಾಯಿಗೆ ಯಾವ ಕನ್ನಡ ಪದ ಬರುತ್ತದೆ ಅನ್ನುವುದರಲ್ಲೇ ಮುಕ್ಕಾಲು ಕೆಲಸ ಮುಗಿಯುತ್ತದೆ.

ಉಳಿದ ಕಾಲುಭಾಗಕ್ಕೆ ಎರಡನೆಯ ಪರೀಕ್ಷೆ ಬೇಕು, ಅದು ವಿರುದ್ಧಪದದ ಪರೀಕ್ಷೆ. ಈ ವಾಕ್ಯದಲ್ಲಿ ‘ರೈಟ್’ ಅಲ್ಲದ್ದು ಯಾವುದು? ಎಡವೇ, ಸೊಟ್ಟವೇ, ಸುಳ್ಳೇ, ತಪ್ಪೇ, ಅನ್ಯಾಯವೇ, ಪಾಪವೇ? ಉತ್ತರ ಸಿಕ್ಕರೆ ಲ್ಯಾಟಿನ್ ಪದವೂ ಸಿಕ್ಕಂತೆಯೇ.

ಬರವಣಿಗೆಯ ಬಗ್ಗೆ ಒಂದು ಮಾತು. ಇಲ್ಲಿ ಲ್ಯಾಟಿನ್ ಪದಗಳನ್ನು ಪ್ರಾಚೀನ ರೋಮಿನ ಉಚ್ಚಾರಕ್ಕೆ ಹೊಂದುವಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಇದು ಕನ್ನಡ ಓದುಗರಿಗಿರುವ ದೊಡ್ಡ ಅನುಕೂಲ. ಲ್ಯಾಟಿನ್‌ನಲ್ಲಿ ಎ–ಏ, ಒ–ಓ ಬೇರೆ ಬೇರೆ ಸ್ವರಗಳು, ಕನ್ನಡದಲ್ಲೂ ಬೇರೆ ಬೇರೆ ಅಕ್ಷರಗಳಿವೆ. ಹ್ರಸ್ವ–ದೀರ್ಘ ತಪ್ಪಿದರೆ ಲ್ಯಾಟಿನ್‌ನಲ್ಲಿ ವಿಭಕ್ತಿಯೇ ಬದಲಾಗುತ್ತದೆ. ಮುಂದೆ ಇದರ ಉದಾಹರಣೆ ಬರುತ್ತದೆ. ಕೋರ್ಟು, ಆಸ್ಪತ್ರೆಗಳಲ್ಲಿ ಕೇಳುವ ಉಚ್ಚಾರ ಇಂಗ್ಲಿಷಿನ ಮೂಲಕ ಬಂದದ್ದು, ಅದು ಬೇರೆ. ಇಲ್ಲಿನ ‘ಯೂಸ್’ ಕೋರ್ಟಿನಲ್ಲಿ ‘ಜಸ್’ ಆಗುತ್ತದೆ, ‘ರೇಕ್ತುಸ್’ ಡಾಕ್ಟರ ಬಾಯಲ್ಲಿ ‘ರೆಕ್ಟಸ್’ ಆಗುತ್ತದೆ. ಪದ ಒಂದೇ.

ಹಕ್ಕು ಅನ್ನುವ ‘ರೈಟ್’: ಯೂಸ್

‘ನಮ್ಮ ಹಕ್ಕ ಅದ’ ಅನ್ನುವಲ್ಲಿ ಬೇಕಾದದ್ದು ‘ಯೂಸ್’. ಷಷ್ಠಿಯಲ್ಲಿ ‘ಯೂರಿಸ್’, ಬಹುವಚನದಲ್ಲಿ ‘ಯೂರ’. ಇದು ನಪುಂಸಕಲಿಂಗ. ಕೊನೆಯಲ್ಲಿ ‘ಉಸ್’ ಧ್ವನಿ ಕೇಳಿ ಪುಲ್ಲಿಂಗ ಅಂದುಕೊಂಡು ವಿಶೇಷಣ ಹಚ್ಚುವುದು ಸಾಮಾನ್ಯ ತಪ್ಪು. ‘ಸಮಾನ ಹಕ್ಕು’ ಅಂದರೆ ‘ಯೂಸ್ ಐಕ್ವುಮ್’. ‘ಯೂಸ್ ಐಕ್ವುಸ್’ ಅಲ್ಲ.

ಈ ಪದದ ನಿಜವಾದ ತೊಡಕು ಬೇರೆ ಇದೆ. ‘ಯೂಸ್’ ಹಕ್ಕೂ ಹೌದು, ಒಟ್ಟು ಕಾನೂನೂ ಹೌದು. ಲಾ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಎರಡು ಸೂತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ‘ಉಬಿ ಯೂಸ್ ಇಬಿ ರೆಮೆದಿಯುಮ್’ ಅಂದರೆ ಹಕ್ಕು ಇದ್ದಲ್ಲಿ ಪರಿಹಾರವೂ ಇದೆ. ‘ಇಗ್ನೋರಂತಿಯ ಯೂರಿಸ್ ನೋನ್ ಎಕ್ಸ್‌ಕೂಸತ್’ ಅಂದರೆ ಕಾನೂನು ಗೊತ್ತಿಲ್ಲ ಅನ್ನುವುದು ನೆಪವಾಗದು. ಎರಡರಲ್ಲೂ ಅದೇ ಪದ. ಮೊದಲನೆಯದರಲ್ಲಿ ಕನ್ನಡಕ್ಕೆ ‘ಹಕ್ಕು’ ಬೇಕು, ಎರಡನೆಯದರಲ್ಲಿ ‘ಕಾನೂನು’ ಬೇಕು. ಲ್ಯಾಟಿನ್‌ಗೆ ಹೋಗುವಾಗ ಇದು ತಿರುಗುಮುರುಗಾಗಿ ಕಾಡುತ್ತದೆ. ‘ಸಿವಿಲ್ ರೈಟ್ಸ್’ ಎಂದು ಬರೆಯಲು ಹೋಗಿ ‘ಯೂಸ್ ಕೀವೀಲೆ’ ಎಂದು ಹಾಕಿದರೆ ಓದುವವರು ಅದನ್ನು ರೋಮನ್ ನಾಗರಿಕರಿಗೆ ಅನ್ವಯಿಸುವ ಕಾನೂನು ಎಂದೇ ತಿಳಿಯುತ್ತಾರೆ. ಹಕ್ಕುಗಳು ಅನ್ನಬೇಕಾದರೆ ಬಹುವಚನ ಮಾಡಿ, ಯಾರ ಹಕ್ಕು ಅನ್ನುವುದನ್ನು ಷಷ್ಠಿಯಲ್ಲಿ ಹೇಳಿ: ‘ಯೂರ ಕೀವಿಯುಮ್’, ನಾಗರಿಕರ ಹಕ್ಕುಗಳು. ಶಾಸನಸಭೆ ಮಾಡಿದ ಒಂದು ನಿರ್ದಿಷ್ಟ ಕಾಯ್ದೆಗೆ ‘ಲೇಕ್ಸ್’ ಇದೆ, ಅದನ್ನು ಹಕ್ಕಿನ ಅರ್ಥದಲ್ಲಿ ಎಂದೂ ಬಳಸಬೇಡಿ.

‘ಇಂಥದ್ದನ್ನು ಮಾಡುವ ಹಕ್ಕು’ ಅನ್ನುವ ರಚನೆಗೆ ‘ಯೂಸ್’ ಜೊತೆ ಕ್ರಿಯಾನಾಮದ ಷಷ್ಠಿ ಬರುತ್ತದೆ. ಮೇಯಿಸುವ ಹಕ್ಕು ‘ಯೂಸ್ ಪಾಸ್ಕೆಂದೀ’. ಕ್ರಿಯಾಪದ ಯಾವುದು ಅನ್ನುವುದರಲ್ಲೇ ಹಲವರು ಎಡವುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಹೆಸರನ್ನು ಲ್ಯಾಟಿನ್‌ಗೆ ತರಬೇಕು ಅನ್ನಿ. ‘ಯೂಸ್ ದೊಕೆಂದೀ’ ಎಂದು ಬರೆದರೆ ಅದು ಕಲಿಸುವ ಹಕ್ಕು, ಮೇಷ್ಟ್ರದ್ದು. ಮಗುವಿನ ಹಕ್ಕು ಕಲಿಯುವುದು, ‘ಯೂಸ್ ದಿಸ್ಕೆಂದೀ’. ಅದೇ ರೀತಿ 2005ರ ಮಾಹಿತಿ ಹಕ್ಕಿಗೆ ‘ಯೂಸ್ ಕೊಗ್ನೋಸ್ಕೆಂದೀ’ ಚೆನ್ನಾಗಿ ಹೊಂದುತ್ತದೆ. ‘ಕೊಗ್ನೋಸ್ಕೆರೆ’ ಅಂದರೆ ವಿಚಾರಿಸಿ ತಿಳಿದುಕೊಳ್ಳುವುದು, ಅರ್ಜಿ ಹಾಕಿ ಕಾಗದ ಪಡೆಯುವ ಕೆಲಸಕ್ಕೆ ಅದೇ ಹತ್ತಿರದ ಕ್ರಿಯೆ.

ಹಿಂದಿಯ ಮೂಲಕ ಓದುವವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಹಿಂದಿಯಲ್ಲಿ ‘ಅಧಿಕಾರ್’ ಅಂದರೆ ಹಕ್ಕು. ಕನ್ನಡದಲ್ಲಿ ‘ಅಧಿಕಾರ’ ತಹಶೀಲ್ದಾರರದ್ದು. ಕನ್ನಡದ ಅಧಿಕಾರಕ್ಕೆ ಲ್ಯಾಟಿನ್‌ನಲ್ಲಿ ‘ಪೊತೆಸ್ತಾಸ್’ ಇದೆ. ಹಿಂದಿ ಪಠ್ಯದಿಂದ ಅನುವಾದ ಮಾಡುವಾಗ ‘ಅಧಿಕಾರ್’ ಕಂಡ ಕೂಡಲೇ ‘ಪೊತೆಸ್ತಾಸ್’ ಹಾಕಿದರೆ ಪ್ರಜೆಯ ಹಕ್ಕು ಅಧಿಕಾರಿಯ ಕೈಗೆ ಹೋಗುತ್ತದೆ.

ಇನ್ನು ‘ಒಳಗ ಹೋಗಲಿಕ್ಕೆ ನನಗ ಪರವಾನಗಿ ಅದ’ ಅನ್ನುವ ಮಟ್ಟದ ‘ರೈಟ್’ಗೆ ‘ಯೂಸ್’ ತುಂಬ ದೊಡ್ಡ ಪದ. ಅಲ್ಲಿ ‘ಮಿಹಿ ಲಿಕೆತ್’ ಸಾಕು. ‘ನನಗೆ ಅನುಮತಿ ಇದೆ’ ಎಂದರ್ಥ.

ಹೊಲದ ದಾರಿ: ಒಂದು ಹಕ್ಕಿಗೆ ನಾಲ್ಕು ಹೆಸರು

‘ರೈಟ್ ಆಫ್ ವೇ’ ಅನ್ನುವುದಕ್ಕೆ ‘ಯೂಸ್’ ಎಂದು ಬರೆದು ಸುಮ್ಮನಾಗಬಾರದು. ತೊಗರಿ ಹೊಲದ ಬದುವಿನ ಮೇಲೆ ದಾರಿಗಾಗಿ ನಡೆಯುವ ಜಗಳ ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ನಡೆದು ಹೋಗಬಹುದೋ, ಎತ್ತಿನ ಬಂಡಿ ಒಯ್ಯಬಹುದೋ, ಟ್ರ್ಯಾಕ್ಟರ್ ಹಾಯಬಹುದೋ, ಪೈಪ್‌ಲೈನ್ ಎಳೆಯಬಹುದೋ ಅನ್ನುವುದರ ಮೇಲೆಯೇ ತಕರಾರು. ರೋಮನ್ ಕಾನೂನು ಇದನ್ನೇ ಬಿಡಿಸಿ ಹೆಸರಿಟ್ಟಿದೆ.

‘ಇತೆರ್’ ಅಂದರೆ ಬೇರೆಯವರ ಹೊಲದಲ್ಲಿ ಮನುಷ್ಯ ನಡೆದು ಹೋಗುವ ಹಕ್ಕು, ನಮ್ಮ ಕಾಲುದಾರಿ. ‘ಆಕ್ತುಸ್’ ಅಂದರೆ ದನ ಹೊಡೆದುಕೊಂಡು ಅಥವಾ ಗಾಡಿ ಹೊಡೆದುಕೊಂಡು ಹೋಗುವ ಹಕ್ಕು. ‘ಆಕ್ತುಸ್’ ಇದ್ದವನಿಗೆ ‘ಇತೆರ್’ ತಾನಾಗಿಯೇ ಇರುತ್ತದೆ, ‘ಇತೆರ್’ ಇದ್ದವನಿಗೆ ‘ಆಕ್ತುಸ್’ ಬರುವುದಿಲ್ಲ. ‘ವಿಯ’ ಇವೆರಡನ್ನೂ ಒಳಗೊಂಡ ಪೂರ್ಣ ದಾರಿ, ಬಂಡಿದಾರಿ. ನಾಲ್ಕನೆಯದು ‘ಅಕ್ವೈ ದುಕ್ತುಸ್’, ಇನ್ನೊಬ್ಬರ ಹೊಲದ ಮೂಲಕ ನೀರು ಹಾಯಿಸಿಕೊಳ್ಳುವ ಹಕ್ಕು.

‘ವಿಯ’ದ ಅಗಲವನ್ನು ಕ್ರಿ.ಪೂ. 5ನೇ ಶತಮಾನದ ಹನ್ನೆರಡು ಫಲಕಗಳ ಶಾಸನವೇ ಗೊತ್ತು ಮಾಡಿತ್ತು. ನೇರ ಇದ್ದಲ್ಲಿ 8 ಅಡಿ, ತಿರುವಿನಲ್ಲಿ 16 ಅಡಿ. ರೋಮನ್ ಅಡಿ ಸುಮಾರು 29.6 ಸೆಂ.ಮೀ. ಆದ್ದರಿಂದ ನೇರದಲ್ಲಿ 2.4 ಮೀಟರಿನಷ್ಟು, ತಿರುವಿನಲ್ಲಿ 4.7 ಮೀಟರಿನಷ್ಟು. ಗಾಡಿ ಹೊರಳಿಸಲು ಎಷ್ಟು ಜಾಗ ಬೇಕೆಂದು ಬಲ್ಲವರು ಬರೆದ ನಿಯಮ ಅದು.

ರೋಮನ್ ಕಾನೂನಿನಲ್ಲಿ ಬೇರೆಯವರ ಹೊಲದ ಮೇಲಿನ ಇಂಥ ಹಕ್ಕುಗಳ ಪಟ್ಟಿಯಲ್ಲಿ ಇನ್ನೂ ಕೆಲವು ಇವೆ. ದನಗಳನ್ನು ನೀರಿಗೆ ಹೊಡೆದುಕೊಂಡು ಹೋಗುವುದು, ಸುಣ್ಣ ಸುಡುವುದು, ಉಸುಕು ತೋಡುವುದು. ಸುಣ್ಣ ಸುಡುವ ಹಕ್ಕು ‘ಯೂಸ್ ಕಲ್ಕಿಸ್ ಕೊಕ್ವೆಂದೈ’, ಉಸುಕು ತೋಡುವ ಹಕ್ಕು ‘ಯೂಸ್ ಹರೇನೈ ಫೊದಿಯೆಂದೈ’. ಶಹಾಬಾದ್–ಸೇಡಂ ಕಡೆಯ ಸುಣ್ಣದ ಕಲ್ಲಿನ ನೆಲ ಮತ್ತು ಭೀಮಾ ನದಿಯ ಉಸುಕು ನೋಡಿದವರಿಗೆ ಈ ಪಟ್ಟಿ ದೂರದ್ದು ಅನಿಸದು. ವ್ಯಾಕರಣವನ್ನೂ ಇಲ್ಲಿಂದಲೇ ಕಲಿಯಬಹುದು: ಕ್ರಿಯೆಗೆ ಕರ್ಮ ಇದ್ದಾಗ ಕರ್ಮವೂ ಕ್ರಿಯಾನಾಮವೂ ಒಟ್ಟಿಗೆ ಷಷ್ಠಿಯಲ್ಲಿ ಬರುತ್ತವೆ.

ಹಾಗಾದರೆ 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆಯಡಿ ಬರುವ ದಾರಿಹಕ್ಕಿನ ಮೇಲೆ ಪ್ರಬಂಧ ಬರೆಯುವವರು ಒಟ್ಟು ವರ್ಗಕ್ಕೆ ‘ಸೆರ್ವಿತೂಸ್’ ಎಂದು ಬರೆದು, ಒಳಗಿನ ಹಕ್ಕಿಗೆ ಮೇಲಿನ ನಾಲ್ಕರಲ್ಲಿ ಸರಿಯಾದದ್ದನ್ನು ಆರಿಸಿಕೊಳ್ಳಬೇಕು. ಬಂಡಿದಾರಿಯ ದಾವೆಗೆ ‘ಇತೆರ್’ ಎಂದು ಹಾಕಿದರೆ ಅರ್ಧ ಹಕ್ಕನ್ನು ಕೈಬಿಟ್ಟಂತೆ.

371ಜೆ: ವಿಶೇಷ ಹಕ್ಕಿಗೆ ಏನನ್ನುವುದು

ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಅವಕಾಶ ಕೊಡುವ 371ಜೆ ವಿಧಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವರು ‘ಸ್ಪೆಷಲ್ ರೈಟ್’ ಎಂದು ಬರೆಯುತ್ತಾರೆ. ಲ್ಯಾಟಿನ್‌ಗೆ ತರುವಾಗ ‘ಪ್ರೀವಿಲೇಗಿಯುಮ್’ ಕೈಗೆ ಸಿಗುತ್ತದೆ, ಏಕೆಂದರೆ ಇಂಗ್ಲಿಷಿನಲ್ಲಿ ‘ಪ್ರಿವಿಲೇಜ್’ ಇದೆ. ಅದನ್ನು ಬಳಸಬೇಡಿ. ಹಳೆಯ ರೋಮಿನಲ್ಲಿ ‘ಪ್ರೀವಿಲೇಗಿಯುಮ್’ ಅಂದರೆ ಒಬ್ಬ ವ್ಯಕ್ತಿಯನ್ನೇ ಗುರಿಯಾಗಿಸಿ ಮಾಡಿದ ಕಾಯ್ದೆ, ಬಹುಮಟ್ಟಿಗೆ ಅವನ ವಿರುದ್ಧ ಮಾಡಿದ್ದು. ಅನುಕೂಲ ಅನ್ನುವ ಅರ್ಥ ನಂತರದ್ದು.

ರೋಮನ್ ನ್ಯಾಯಶಾಸ್ತ್ರಜ್ಞ ಪೌಲುಸ್ ‘ಯೂಸ್ ಸಿಂಗುಲಾರೆ’ ಅನ್ನುವುದಕ್ಕೆ ಕೊಟ್ಟ ವಿವರಣೆ ಇಲ್ಲಿಗೆ ಹೊಂದುತ್ತದೆ: ಸಾಮಾನ್ಯ ನಿಯಮದ ಜಾಡು ಬಿಟ್ಟು, ಒಂದು ಪ್ರಯೋಜನಕ್ಕಾಗಿ, ಶಾಸನ ಮಾಡುವವರ ಅಧಿಕಾರದಿಂದ ತಂದ ಕಾನೂನು. ಶಿಕ್ಷಣ ಮತ್ತು ನೌಕರಿಯಲ್ಲಿ ಈ ಭಾಗಕ್ಕೆ ಮೀಸಲಿಟ್ಟ ಪಾಲಿಗೆ ಇದೇ ಪದ ನಿಲ್ಲುತ್ತದೆ.

ಹಕ್ಕು ಮುರಿದದ್ದು ಒಂದು, ನಷ್ಟ ಇನ್ನೊಂದು

‘ಯೂಸ್’ನ ವಿರುದ್ಧಪದ ‘ಇನ್ಯೂರಿಯ’. ಇಂಗ್ಲಿಷಿನ ‘ಇಂಜುರಿ’ ನೆನಪಾಗಿ ಗಾಯ ಅಂದುಕೊಳ್ಳುವುದು ಬೇಡ. ಕಾನೂನಿನಲ್ಲಿ ಅದು ಹಕ್ಕಿನ ಭಂಗ. ‘ದಮ್ನುಮ್ ಸಿನೆ ಇನ್ಯೂರಿಯಾ’ ಅಂದರೆ ನಷ್ಟ ಆಗಿದೆ, ಹಕ್ಕು ಮುರಿದಿಲ್ಲ. ನಿಮ್ಮ ಕಿರಾಣಿ ಅಂಗಡಿ ಎದುರಿಗೆ ಇನ್ನೊಬ್ಬರು ಅಂಗಡಿ ತೆರೆದು ಗಿರಾಕಿ ಹೋದರೆ ಹೀಗೆ. ‘ಇನ್ಯೂರಿಯ ಸಿನೆ ದಮ್ನೋ’ ಇದರ ತಿರುವು. ಇಂಗ್ಲೆಂಡಿನ 1703ರ ಆಶ್ಬಿ–ವೈಟ್ ಪ್ರಕರಣದಲ್ಲಿ ಮತದಾರನಿಗೆ ಮತ ಹಾಕಲು ಬಿಡಲಿಲ್ಲ. ಅವನು ಬೆಂಬಲಿಸಿದ ಅಭ್ಯರ್ಥಿಗಳು ಹೇಗೂ ಗೆದ್ದರು, ಆದರೂ ಅವನ ಹಕ್ಕು ಮುರಿದಿತ್ತು.

ಇಲ್ಲಿ ಕನ್ನಡ ಲಿಪಿಯ ಉಪಯೋಗ ನೋಡಿ. ಮೊದಲ ಸೂತ್ರದಲ್ಲಿ ‘ಸಿನೆ’ ನಂತರ ಬಂದ ‘ಇನ್ಯೂರಿಯಾ’ಗೆ ಕೊನೆಯಲ್ಲಿ ದೀರ್ಘ ಇದೆ, ಅದು ‘ಇಲ್ಲದೆ’ ಅನ್ನುವುದರ ಜೊತೆ ಬರುವ ವಿಭಕ್ತಿ. ಎರಡನೆಯದರಲ್ಲಿ ಕರ್ತೃವಾದ ‘ಇನ್ಯೂರಿಯ’ಗೆ ಹ್ರಸ್ವ. ಇಂಗ್ಲಿಷ್ ಅಕ್ಷರಗಳಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಬಲ: ದೆಕ್ಸ್ತೆರ್

ಎಡದ ವಿರುದ್ಧ ನಿಲ್ಲುವ ‘ರೈಟ್’ಗೆ ‘ದೆಕ್ಸ್ತೆರ್’. ಅರ್ಥದಲ್ಲಿ ಗೊಂದಲ ಇಲ್ಲ, ತಪ್ಪುವುದೆಲ್ಲ ಲಿಂಗದಲ್ಲಿ. ಪುಲ್ಲಿಂಗಕ್ಕೆ ‘ದೆಕ್ಸ್ತೆರ್’, ಸ್ತ್ರೀಲಿಂಗಕ್ಕೆ ‘ದೆಕ್ಸ್ತ್ರ’, ನಪುಂಸಕಕ್ಕೆ ‘ದೆಕ್ಸ್ತ್ರುಮ್’. ಬಲಗಣ್ಣು ‘ಒಕುಲುಸ್ ದೆಕ್ಸ್ತೆರ್’, ಬಲ ಶ್ವಾಸಕೋಶ ‘ಪುಲ್ಮೋ ದೆಕ್ಸ್ತೆರ್’, ಬಲ ಮೂತ್ರಪಿಂಡ ‘ರೇನ್ ದೆಕ್ಸ್ತೆರ್’. ಬಲಗಿವಿ ‘ಔರಿಸ್ ದೆಕ್ಸ್ತ್ರ’. ಹೃದಯದ ಬಲ ಹೃತ್ಕರ್ಣ ‘ಆತ್ರಿಯುಮ್ ದೆಕ್ಸ್ತ್ರುಮ್’, ಅದರ ಕೆಳಗಿನ ಬಲ ಹೃತ್ಕುಕ್ಷಿ ಮಾತ್ರ ‘ವೆಂತ್ರಿಕುಲುಸ್ ದೆಕ್ಸ್ತೆರ್’.

ಎರಡು ಕಡೆ ಬಹಳ ಜನ ಜಾರುತ್ತಾರೆ. ‘ಮನುಸ್’ (ಕೈ) ಕೊನೆಯಲ್ಲಿ ‘ಉಸ್’ ಇದ್ದರೂ ಸ್ತ್ರೀಲಿಂಗ, ಹಾಗಾಗಿ ಬಲಗೈ ‘ಮನುಸ್ ದೆಕ್ಸ್ತ್ರ’. ‘ಗೆನೂ’ (ಮೊಣಕಾಲು) ಮತ್ತು ‘ಕ್ರೂಸ್’ (ಕಾಲಿನ ಕೆಳಭಾಗ) ನಪುಂಸಕ, ಅಲ್ಲಿ ‘ದೆಕ್ಸ್ತ್ರುಮ್’ ಬರಬೇಕು. ‘ದೆಕ್ಸ್ತ್ರ’ ಅಥವಾ ‘ದೆಕ್ಸ್ತೆರ’ ಒಂದೇ ನಿಂತರೆ ಬಲಗೈ ಅಂತಲೇ ಅರ್ಥ, ಕೈ ಎಂದು ಬೇರೆ ಹೇಳಬೇಕಿಲ್ಲ. ಕ್ಯಾಥೊಲಿಕ್ ವಿಶ್ವಾಸ ಪ್ರಮಾಣದ ‘ಸೆದೆತ್ ಅದ್ ದೆಕ್ಸ್ತೆರಮ್ ಪತ್ರಿಸ್’ ಅನ್ನುವಲ್ಲಿ, ‘ಪಿತನ ಬಲಗಡೆ ಕುಳಿತಿದ್ದಾನೆ’ ಎಂಬ ಮಾತಿನಲ್ಲಿ, ಇದೇ ಬಳಕೆ ಇದೆ.

ಔಷಧ ಚೀಟಿಯಲ್ಲಿ ಈ ಪದ ಅಪಾಯಕಾರಿ. ಕಣ್ಣಿನ ವಿಭಾಗದಲ್ಲಿ ‘ಓಡಿ’ ಅಂದರೆ ‘ಒಕುಲುಸ್ ದೆಕ್ಸ್ತೆರ್’, ಬಲಗಣ್ಣು. ಬೇರೆ ಚೀಟಿಗಳಲ್ಲಿ ಅದೇ ‘ಓಡಿ’ ಅಂದರೆ ದಿನಕ್ಕೆ ಒಂದು ಸಲ. ಹನಿ ಔಷಧದ ಪಕ್ಕ ಬರೀ ‘ಓಡಿ’ ಇದ್ದರೆ ಔಷಧ ಅಂಗಡಿಯವರು ಎರಡರಲ್ಲಿ ಯಾವುದೆಂದು ಊಹಿಸಬೇಕಾಗುತ್ತದೆ. ಎಡಗಣ್ಣಿಗೆ ‘ಓಎಸ್’, ಎರಡೂ ಕಣ್ಣಿಗೆ ‘ಓಯು’; ಕೈಬರಹದಲ್ಲಿ ಇವೂ ಒಂದರಂತೆ ಒಂದು ಕಾಣುತ್ತವೆ. ಚೀಟಿಯಲ್ಲಿ ‘ಬಲಗಣ್ಣಿಗೆ, ದಿನಕ್ಕೊಮ್ಮೆ’ ಎಂದು ಪೂರ್ತಿ ಬರೆಯುವುದೇ ಸರಿ. ಲ್ಯಾಟಿನ್ ಚೆನ್ನಾಗಿ ಬಲ್ಲವರೂ ಇಲ್ಲಿ ಅದನ್ನು ಬಿಡಬೇಕು.

ಬಲ ಯಾರದ್ದು ಅನ್ನುವುದೂ ಮುಖ್ಯ. ಅನಾಟಮಿಯಲ್ಲಿ ಬಲ ಅಂದರೆ ರೋಗಿಯ ಬಲ, ಎದುರು ನಿಂತು ನೋಡುವವರ ಎಡ. ಯುರೋಪಿನ ಲಾಂಛನ ಶಾಸ್ತ್ರದಲ್ಲೂ ಹಾಗೆಯೇ. ಗುರಾಣಿ ಹಿಡಿದವನ ಬಲ ಯಾವುದೋ ಅದೇ ‘ದೆಕ್ಸ್ತೆರ್’ ಭಾಗ, ಅದು ನೋಡುವವರಿಗೆ ಎಡಕ್ಕೆ ಬೀಳುತ್ತದೆ. ಲಾಂಛನದ ವಿವರಣೆಯನ್ನು ಲ್ಯಾಟಿನ್ ಕ್ರಮದಲ್ಲಿ ಬರೆದು, ಡಿಟಿಪಿ ಮಾಡುವವರಿಗೆ ಇದನ್ನು ಹೇಳದಿದ್ದರೆ ಚಿತ್ರ ತಿರುಗುಮುರುಗಾಗಿ ಬರುತ್ತದೆ.

ಸೀದಾ: ರೇಕ್ತುಸ್

ಸೊಟ್ಟದ ವಿರುದ್ಧ ನಿಲ್ಲುವುದು ‘ರೇಕ್ತುಸ್’. ಲಂಬಕೋನಕ್ಕೆ ‘ಅಂಗುಲುಸ್ ರೇಕ್ತುಸ್’, ಸರಳರೇಖೆಗೆ ‘ಲೀನೆಯ ರೇಕ್ತ’. ಹೊಟ್ಟೆಯ ಮುಂದಿನ ಉದ್ದ ಸ್ನಾಯು ‘ರೆಕ್ಟಸ್ ಅಬ್ಡೊಮಿನಿಸ್’. ಅದು ಬಲಗಡೆಯ ಸ್ನಾಯು ಅಲ್ಲ, ನೆಟ್ಟಗೆ ಮೇಲಿಂದ ಕೆಳಗೆ ಹೋಗುವ ಸ್ನಾಯು, ಎರಡೂ ಬದಿಗೆ ಇದೆ. ಕರುಳಿನ ಕೊನೆಯ ಭಾಗ ‘ರೆಕ್ಟಮ್’ ಕೂಡ ಇದೇ ಪದ. ಮನುಷ್ಯನಲ್ಲಿ ಅದು ನೆಟ್ಟಗೆ ಇಲ್ಲದಿದ್ದರೂ ಪ್ರಾಣಿಗಳನ್ನು ಕೊಯ್ದು ನೋಡಿದ ಹಳೆಯ ವೈದ್ಯರ ಕಾಲದ ಹೆಸರು ಹಾಗೇ ಉಳಿದಿದೆ.

ದಖನಿ ಮಾತಾಡುವವರು ಈ ಎರಡು ಪದಗಳ ನಡುವೆ ಹೆಚ್ಚು ಹುಷಾರಾಗಿರಬೇಕು. ದಖನಿಯಲ್ಲಿ ‘ಸೀದಾ’ ಅಂದರೆ ನೇರ, ‘ಸೀದಾ ಹಾತ್’ ಅಂದರೆ ಬಲಗೈ. ಅಂದರೆ ಒಂದೇ ಪದ ‘ರೇಕ್ತುಸ್’ ಕೂಡ ಹೌದು, ‘ದೆಕ್ಸ್ತೆರ್’ ಕೂಡ ಹೌದು. ಲ್ಯಾಟಿನ್ ಇವನ್ನು ಎಂದೂ ಬೆರೆಸುವುದಿಲ್ಲ. ‘ಮನುಸ್ ರೇಕ್ತ’ ಅಂದರೆ ನೆಟ್ಟಗೆ ಚಾಚಿದ ಕೈ ಅಷ್ಟೇ. ದಾರಿ ಹೇಳುವಾಗ ಸೀದಾ ಹೋಗುವುದಕ್ಕೆ ‘ರೇಕ್ತಾ’, ಬಲಕ್ಕೆ ಹೊರಳುವುದಕ್ಕೆ ‘ಅದ್ ದೆಕ್ಸ್ತ್ರಮ್’.

‘ರೇಕ್ತುಸ್’ಗೆ ನಡತೆಯ ಅರ್ಥವೂ ಇದೆ. ‘ನೆಟ್ಟಗ ನಡಕೊ’ ಎಂದು ನಾವು ಹೇಳುವಂತೆಯೇ ‘ರೇಕ್ತೇ ಅಗೆ’, ಸರಿಯಾಗಿ ನಡೆದುಕೋ. ಕ್ರಿಯೆಯನ್ನು ಬಣ್ಣಿಸುವಾಗ ಕೊನೆಯಲ್ಲಿ ದೀರ್ಘ ‘ಏ’ ಬರಬೇಕು. ಶಾಲೆಯ ಧ್ಯೇಯವಾಕ್ಯಕ್ಕೆ ಇದು ಚೊಕ್ಕದಾಗಿ ಕೂರುತ್ತದೆ.

ಖರೇ, ಬರೋಬ್ಬರಿ: ‘ಯು ಆರ್ ರೈಟ್’ ಅನ್ನುವುದು

‘ನೀವು ಹೇಳಿದ್ದು ಖರೇ ಅದ ನೋಡ್ರಿ.’ ಇದನ್ನು ಪದಕ್ಕೆ ಪದ ಹಚ್ಚಿ ‘ರೇಕ್ತುಸ್ ಎಸ್’ ಅಂದರೆ ‘ನೀನು ನೆಟ್ಟಗಿದ್ದೀ’ ಅಥವಾ ‘ನೀನು ಪ್ರಾಮಾಣಿಕ’ ಎಂದಾಗುತ್ತದೆ. ‘ದೆಕ್ಸ್ತೆರ್ ಎಸ್’ ಅಂದರೆ ‘ನೀನು ಚತುರ’. ಲ್ಯಾಟಿನ್‌ನಲ್ಲಿ ಮನುಷ್ಯ ಸರಿ ಇರುವುದಿಲ್ಲ, ಅವನ ಮಾತು ಸರಿ ಇರುತ್ತದೆ. ಆದ್ದರಿಂದ ‘ಹೇಳು’ ಅನ್ನುವ ಕ್ರಿಯಾಪದ ಬೇಕೇ ಬೇಕು.

ಆ ಮಾತು ಯಾವ ಬಗೆಯದು ಅನ್ನುವುದರ ಮೇಲೆ ಆಯ್ಕೆ. ನಡೆದ ಸಂಗತಿ ಹೇಳಿದ್ದರೆ ‘ವೇರುಮ್ ದೀಕಿಸ್’ ಅಥವಾ ‘ವೇರ ದೀಕಿಸ್’, ನೀನು ನಿಜ ಹೇಳುತ್ತೀ. ವಿರುದ್ಧಪದ ಸುಳ್ಳು, ‘ಫಲ್ಸುಮ್’. ಅಭಿಪ್ರಾಯ ಆಗಿದ್ದರೆ ‘ರೇಕ್ತೇ ಸೆಂತೀಸ್’. ಬುದ್ಧಿಮಾತು ಹೇಳಿದ್ದರೆ ‘ರೇಕ್ತೇ ಮೊನೇಸ್’. ಯಾವುದೆಂದು ಖಾತ್ರಿ ಇಲ್ಲದಿದ್ದರೆ ‘ರೇಕ್ತೇ ದೀಕಿಸ್’ ಎಲ್ಲ ಕಡೆಗೂ ನಡೆಯುತ್ತದೆ. ತಪ್ಪು ತಿಳಿದವರಿಗೆ ‘ಎರ್ರಾಸ್’.

‘ಹಕ್ಕು’ ಅನ್ನುವ ಪದದ ಮೂಲ ಅರಬಿಯ ‘ಹಕ್’. ಅರಬಿಯಲ್ಲಿ ಅದಕ್ಕೆ ಸತ್ಯ ಅನ್ನುವ ಅರ್ಥವೂ ಇದೆ, ನಮ್ಮ ಕಡೆಯ ಉರ್ದುವಿನಲ್ಲೂ ಅದು ಜೀವಂತ. ಆ ಬೆಸುಗೆಯನ್ನು ಲ್ಯಾಟಿನ್‌ಗೆ ಒಯ್ಯುವಂತಿಲ್ಲ. ‘ಹಕ್ ಮಾತು’ ಅಂದಾಗ ‘ವೇರುಮ್’, ‘ನಮ್ಮ ಹಕ್’ ಅಂದಾಗ ‘ಯೂಸ್’.

‘ಸರಿ’ ಎಂಬ ಪದ ಸಾಲದಾದಾಗ

ಕನ್ನಡದ ‘ಸರಿ’ ಇಂಗ್ಲಿಷಿನ ‘ರೈಟ್’ನಷ್ಟೇ ಹರವಾದದ್ದು. ‘ಇದು ಸರಿ ಅಲ್ಲ’ ಅನ್ನುವ ಒಂದು ವಾಕ್ಯಕ್ಕೆ ಲ್ಯಾಟಿನ್‌ನಲ್ಲಿ ನಾಲ್ಕು ದಾರಿ. ಪಾಲು ಹಂಚುವಾಗ ಒಬ್ಬರಿಗೆ ಕಡಿಮೆ ಬಂದಿದ್ದರೆ ‘ನೋನ್ ಎಸ್ತ್ ಐಕ್ವುಮ್’. ‘ಐಕ್ವುಸ್’ ಅಂದರೆ ಸಮತಟ್ಟು, ಸಮಪಾಲು. ಕಾನೂನಿಗೆ ಸರಿಯಲ್ಲದಿದ್ದರೆ ‘ನೋನ್ ಎಸ್ತ್ ಯೂಸ್ತುಮ್’. ನೋಡಲು ಚೆಂದವಲ್ಲ, ಮರ್ಯಾದೆಯಲ್ಲ ಅನ್ನುವುದಾದರೆ ‘ನೋನ್ ದೆಕೆತ್’. ದೇವರಿಗೆ, ಧರ್ಮಕ್ಕೆ ವಿರುದ್ಧವಾದರೆ ‘ನೆಫಾಸ್ ಎಸ್ತ್’. ಇದರ ಮೂಲ ‘ಫಾಸ್’ ಪದಕ್ಕೆ ವಿಭಕ್ತಿ ಹತ್ತುವುದೇ ಇಲ್ಲ, ಎಲ್ಲ ಕಡೆ ಒಂದೇ ರೂಪ. ಗುಡಿಯ ಇಲ್ಲವೇ ದರ್ಗಾದ ನಿಷೇಧಕ್ಕೆ ‘ನೆಫಾಸ್’ ನಡೆಯುತ್ತದೆ, ನಗರಪಾಲಿಕೆಯ ನಿಷೇಧಕ್ಕೆ ನಡೆಯುವುದಿಲ್ಲ.

ಕ್ಯಾಥೊಲಿಕ್ ಪೂಜೆಯ ಇಂಗ್ಲಿಷ್ ಪಾಠದಲ್ಲಿ ‘ಇಟ್ ಈಸ್ ರೈಟ್ ಆ್ಯಂಡ್ ಜಸ್ಟ್’ ಎಂದಿದೆ. ಲ್ಯಾಟಿನ್ ಮೂಲದಲ್ಲಿ ಅಲ್ಲಿರುವುದು ‘ದಿಗ್ನುಮ್ ಎತ್ ಯೂಸ್ತುಮ್ ಎಸ್ತ್’. ‘ರೈಟ್’ ನಿಂತ ಜಾಗದಲ್ಲಿ ‘ದಿಗ್ನುಮ್’, ಯೋಗ್ಯ. ಇಂಗ್ಲಿಷಿನಿಂದ ಹಿಂದಕ್ಕೆ ಅನುವಾದ ಮಾಡಿದ್ದರೆ ಯಾರಿಗೂ ಆ ಪದ ಹೊಳೆಯುತ್ತಿರಲಿಲ್ಲ.

ತಕ್ಕ ಮನುಷ್ಯ, ತಕ್ಕ ಸಮಯ ಅನ್ನುವಲ್ಲಿ ‘ಇದೋನೆಯುಸ್’. ಸಮಯಕ್ಕೆ ‘ಒಪ್ಪೊರ್ತೂನುಸ್’ ಕೂಡ ಆದೀತು.

ಇನ್ನು ಉಳಿದವು ಸಣ್ಣವು. ‘ಇವತ್ತು ಬರ್ತೀರಿ, ಹೌದಲ್ರಿ?’ ಎಂದು ಹೌದು ಅನ್ನುವ ಉತ್ತರ ಬಯಸಿ ಕೇಳಿದರೆ ವಾಕ್ಯದ ಮೊದಲಿಗೆ ‘ನೋನ್ನೆ’. ‘ರೈಟ್ ನೌ’ ಅಂದರೆ ಈ ಗಳಿಗೆಯಲ್ಲಿ ಅನ್ನುವುದಾದರೆ ‘ನುಂಕ್ ಇಪ್ಸುಮ್’, ತಡ ಮಾಡದೆ ಅನ್ನುವುದಾದರೆ ‘ಸ್ತತಿಮ್’. ತುರ್ತು ಔಷಧಕ್ಕೆ ಆಸ್ಪತ್ರೆಯವರು ‘ಸ್ಟ್ಯಾಟ್’ ಎಂದು ಬರೆಯುವುದು ಇದನ್ನೇ ಮೊಟಕು ಮಾಡಿ. ‘ಆಗಲಿ ಬಿಡ್ರಿ’ ಎಂದು ಒಪ್ಪಿಕೊಳ್ಳುವ ‘ಆಲ್ ರೈಟ್’ಗೆ ‘ಎಸ್ತೋ’. ಬಸ್ಸಿನ ಕಂಡಕ್ಟರ್ ಡ್ರೈವರಿಗೆ ಕೂಗುವ ‘ರೈಟ್ ರೈಟ್’ ಇವು ಯಾವುದೂ ಅಲ್ಲ. ಅದರ ಅರ್ಥ ‘ಹೊಂಡು, ನಡಿ’, ಆದ್ದರಿಂದ ‘ಪೆರ್ಗೆ’.

ಧ್ಯೇಯವಾಕ್ಯ ಕೆತ್ತಿಸುವ ಮುಂಚೆ

ಆರಿಸಿದ ಪದವನ್ನು ತಿರುಗಿಸಿ ನೋಡಿ. ಇಂಗ್ಲಿಷ್–ಲ್ಯಾಟಿನ್ ನಿಘಂಟಿನಲ್ಲಿ ಸಿಕ್ಕ ಪದವನ್ನು ಲ್ಯಾಟಿನ್–ಇಂಗ್ಲಿಷ್ ನಿಘಂಟಿನಲ್ಲಿ ಮತ್ತೆ ತೆಗೆದು ಓದಬೇಕು, ಅಲ್ಲಿ ಕೊಟ್ಟ ಉದಾಹರಣೆ ವಾಕ್ಯಗಳಲ್ಲಿ ನಿಮ್ಮ ಸಂದರ್ಭಕ್ಕೆ ಹೋಲುವ ಒಂದಾದರೂ ಇರಬೇಕು. ‘ಯೂಸ್’ ತೆಗೆದರೆ ಅದೇ ಕಾಗುಣಿತದ ಇನ್ನೊಂದು ಪದವೂ ಸಿಗುತ್ತದೆ, ಅದರ ಅರ್ಥ ಸಾರು. ಕ್ರಿ.ಪೂ. 70ರಲ್ಲಿ ಸಿಸಿಲಿಯ ಭ್ರಷ್ಟ ಆಡಳಿತಗಾರ ವೆರ್ರೇಸನ ಮೇಲೆ ಮೊಕದ್ದಮೆ ಹೂಡಿದ ರೋಮನ್ ವಾಗ್ಮಿ ಕಿಕೆರೋ (ಇಂಗ್ಲಿಷಿನ ಸಿಸೆರೊ), ಅವನ ನ್ಯಾಯವನ್ನು ಜನ ‘ಯೂಸ್ ವೆರ್ರೀನುಮ್’ ಎಂದು ಹಂಗಿಸುತ್ತಿದ್ದರೆಂದು ದಾಖಲಿಸಿದ್ದಾನೆ. ವೆರ್ರೇಸನ ನ್ಯಾಯ ಅಂತಲೂ ಆಗುತ್ತದೆ, ಹಂದಿಯ ಸಾರು ಅಂತಲೂ ಆಗುತ್ತದೆ. ಮೊಬೈಲಿನ ಅನುವಾದಕ್ಕೆ ಒಂಟಿ ಪದ ಹಾಕಬೇಡಿ. ಸಂದರ್ಭ ಇಲ್ಲದೆ ‘ರೈಟ್’ ಕೊಟ್ಟರೆ ಅದು ಹಕ್ಕೋ ಬಲಗಡೆಯೋ ಒಂದನ್ನು ಊಹಿಸಿ ಕೊಡುತ್ತದೆ.

ನಂತರ ವಿಭಕ್ತಿ. ‘ಎಲ್ಲರಿಗೂ ಹಕ್ಕು’ ಅನ್ನಲು ‘ಯೂರ ಓಮ್ನಿಬುಸ್’, ಎರಡೇ ಪದ ಸಾಕು. ‘ಹಕ್ಕಿಗಾಗಿ’ ಅನ್ನಲು ‘ಪ್ರೋ ಯೂರೆ’. ‘ಪ್ರೋ ಯೂಸ್’ ಅಂದರೆ ವ್ಯಾಕರಣ ತಪ್ಪು. ವಕೀಲರ ಸಂಘಕ್ಕೆ ‘ಪ್ರೋ ಯೂರೆ’ ಒಪ್ಪುತ್ತದೆ. ಬಡವರ ಪಾಲಿಗಾಗಿ ದುಡಿಯುವ ಸಂಘವಾದರೆ ‘ಪ್ರೋ ಐಕ್ವೋ’ ಹೆಚ್ಚು ಹತ್ತಿರ.

ಕೆತ್ತನೆಯಲ್ಲಿ ರೋಮನ್ ಪದ್ಧತಿ ಬೇಕೆಂದರೆ ಎಲ್ಲ ದೊಡ್ಡಕ್ಷರ, ‘ಯು’ ಅಕ್ಷರದ ಜಾಗದಲ್ಲಿ ‘ವಿ’, ‘ಜೆ’ ಅಕ್ಷರದ ಜಾಗದಲ್ಲಿ ‘ಐ’, ಪದಗಳ ನಡುವೆ ಅಕ್ಷರದ ಅರ್ಧ ಎತ್ತರದಲ್ಲಿ ಒಂದು ಚುಕ್ಕೆ. ದೀರ್ಘದ ಗುರುತು ಬೇಡ. ಕಾನೂನು ಪುಸ್ತಕಗಳ ‘ಜೆ’ ರೂಪ ಬೇಕೆಂದರೆ ‘ಯು’ ಕೂಡ ‘ಯು’ ಆಗಿಯೇ ಇರಲಿ. ಎರಡು ಪದ್ಧತಿ ಬೆರೆಸಬೇಡಿ. ಶಹಾಬಾದ್ ಕಲ್ಲು ಪದರು ಪದರಾಗಿ ಏಳುವಂಥದ್ದು, ತಪ್ಪಾದ ಅಕ್ಷರವನ್ನು ಉಜ್ಜಿ ಮತ್ತೆ ಕೆತ್ತಲು ಹೋದರೆ ಮೇಲಿನ ಪದರೇ ಎದ್ದು ಬರಬಹುದು. ಬಿದರಿ ಫಲಕದಲ್ಲಿ ಬೆಳ್ಳಿ ಕೂರಿಸಲು ಗೀರಿದ ಗೆರೆಯನ್ನು ಮುಚ್ಚುವುದೂ ಕಷ್ಟ. ಹಾಗಾಗಿ ಕುಶಲಕರ್ಮಿಗೆ ಕೊಡುವ ಕಾಗದದಲ್ಲಿ ವಾಕ್ಯವನ್ನು ಕೆತ್ತಬೇಕಾದ ಅಳತೆಯಲ್ಲೇ, ದೊಡ್ಡಕ್ಷರದಲ್ಲೇ ಪ್ರಿಂಟ್ ತೆಗೆದು ಕೊಡಿ. ಪ್ರತಿ ಪದದ ಕೆಳಗೆ ಅದರ ಅರ್ಥವನ್ನು ಕನ್ನಡದಲ್ಲಿ ಬರೆದು, ಸಂಘದ ಇಬ್ಬರಿಂದ ಓದಿಸಿ ಸಹಿ ಹಾಕಿಸಿಕೊಳ್ಳಿ.